ಪೂರ್ವದ ಮನೆಯಲ್ಲಿಟ್ಟ ಬ್ಯಾಗು

ಹನಗೋಡಿನ ನಮ್ಮ ಬೀದಿಯಲ್ಲಿ ಯಾರಾದರೂ ಬಂದು ‘ರುದ್ರಸ್ವಾಮಿ ಹೊರಟರು’ ಎಂದರೆ ಕೇಳಿದವರು ತಲೆಯೆತ್ತುತ್ತಿರಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದವರು ಸುಲಿಯುತ್ತಲೇ, ‘ಎಷ್ಟನೇ ಸಲ?’ ಎನ್ನುತ್ತಿದ್ದರು. ‘ಇದೇ ಮೊದಲನೇ ಸಲ’ ಎಂದರೆ, ‘ಅಂಗಾದ್ರೆ ಇನ್ನೂ ಎರಡು ಲೋಟ ನೀರು ಕುಡೀಬೇಕು ಬುಡು. ಅಲ್ಲೀಗಂಟ ಬಸ್ಸು ಮೈಸೂರು ಮುಟ್ಟಿ ತಿರುಗಿರ್ತದೆ’ ಎಂದು ನಗುತ್ತಿದ್ದರು.

ರುದ್ರಸ್ವಾಮಿ ಶಕುನ ನೋಡುವ ಮನುಷ್ಯ. ಹೊಸ್ತಿಲು ದಾಟಿದಾಗ ಬೆಕ್ಕು ಅಡ್ಡ ಬಂದರೆ, ಒಂಟಿ ಸೀನು ಕೇಳಿದರೆ, ಖಾಲಿ ಕೊಡ ಎದುರಾದರೆ, ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗೋಡೆಗೊರಗಿ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಇವೆಲ್ಲಕ್ಕಿಂತ ದೊಡ್ಡ ಅಪಶಕುನ, ಹೊರಟವನನ್ನು ‘ಎಲ್ಲಿಗೆ?’ ಎಂದು ಕೇಳುವುದು. ಇದು ಬೀದಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದರು. ಆತ ಬಿಳಿ ಪಂಚೆ ಉಟ್ಟು, ವಿಭೂತಿ ಹಚ್ಚಿ, ಛತ್ರಿ ಹಿಡಿದು ಗಂಭೀರವಾಗಿ ಮೂರು ಹೆಜ್ಜೆ ಇಟ್ಟ ಎನ್ನುವಾಗ ಯಾವುದೋ ಜಗಲಿಯಿಂದ, ‘ಎಲ್ಲಿಗೆ ಸಾವ್ಕಾರ್ರೇ?’ ಎಂಬ ದನಿ ಬರುತ್ತಿತ್ತು. ರುದ್ರಸ್ವಾಮಿ ಗಿರಕ್ಕನೆ ತಿರುಗಿ ಮನೆಗೆ. ಟಿ.ವಿ. ಬರುವ ಮುಂಚೆ ನಮ್ಮ ಬೀದಿಗೆ ಇದೇ ಮನರಂಜನೆ. ಟಿ.ವಿ. ಬಂದ ಮೇಲೂ ಕರೆಂಟು ಹೋದಾಗ ಇದೇ.

ಹೀಗೆ ತಿರುಗಿ ತಿರುಗಿ ಆತ ಪಿ.ಯು.ಸಿ. ಪರೀಕ್ಷೆಯ ಎರಡು ಪೇಪರು ಕಳೆದುಕೊಂಡ. ಮದುವೆಗೆ ಪಿರಿಯಾಪಟ್ಟಣಕ್ಕೆ ಹೊರಟ ದಿಬ್ಬಣ ಬೀದಿಯ ಕೊನೆ ಮುಟ್ಟಿ ಮೂರು ಸಲ ವಾಪಸಾಯಿತು. ಹೆಣ್ಣಿನ ಕಡೆಯವರು ಛತ್ರದ ಗಡಿಯಾರವನ್ನೇ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ ಮುಹೂರ್ತದ ಮಾನ ಉಳಿಸಿದರು. ಕೊನೆಗೆ ಆತನಿಗೆ ಹೊಂದುವ ಉದ್ಯೋಗವೊಂದು ಸಿಕ್ಕಿತು: ಮನೆಯ ಮುಂದಿನ ಕೋಣೆಯಲ್ಲೇ ಗೊಬ್ಬರ, ಔಷಧಿಯ ಅಂಗಡಿ. ಹೊಸ್ತಿಲು ದಾಟುವ ಪ್ರಶ್ನೆಯೇ ಇಲ್ಲ. ಜಗತ್ತಿಗೆ ಬೇಕಿದ್ದರೆ ಅದೇ ಬಂದು ಸಾಲು ನಿಲ್ಲಲಿ.

ಜಗತ್ತು ಬಂದು ಸಾಲು ನಿಂತಿತು ಕೂಡ. ಹೋದ ಮುಂಗಾರಿನಲ್ಲಿ ಯೂರಿಯಾ ಸಿಗದೆ ಹಳ್ಳಿಹಳ್ಳಿಯ ಜನ ಅಂಗಡಿಯ ಮುಂದೆ ನಿಂತಿದ್ದಾಗ, ರುದ್ರಸ್ವಾಮಿ ಒಂದು ಮೂಟೆಗೆ ಒಂದು ಬಾಟಲಿ ‘ಪೈರುಗಂಗೆ’ ಕಡ್ಡಾಯ ಮಾಡಿದ. ಪೈರುಗಂಗೆ ಎಂದರೆ ಬೆಳೆಗೆ ಶಕ್ತಿ ಕೊಡುವ ಟಾನಿಕ್ಕು ಎಂದು ಬಾಟಲಿಯ ಮೇಲೆ ಬರೆದಿತ್ತು. ಮೂಸಿದರೆ ಬೆಲ್ಲದ ನೀರಿನ ವಾಸನೆ.

‘ನಂಗೆ ಬಾಟ್ಲು ಬ್ಯಾಡ ಸಾವ್ಕಾರ್ರೇ, ಬರೀ ಮೂಟೆ ಕೊಡಿ’ ಎಂದು ಪಕ್ಕದ ಮನೆಯ ಚಲುವಯ್ಯ ಕೇಳಿದ್ದ.

‘ಮೇಲಿಂದ್ಲೇ ಇಂಗೆ ಬಂದದೆ ಕಣಪ್ಪ. ನನ್ನ ಕೈಲೇನದೆ? ಮೂಟೆ ಬೇಕಾದ್ರೆ ಬಾಟ್ಲೂ ತಗೋಬೇಕು.’

ಚಲುವಯ್ಯ ಹಲ್ಲು ಕಚ್ಚಿ ಬಾಟಲಿ ಹೊತ್ತುಕೊಂಡು ಹೋದ. ಒಂದೆರಡನ್ನು ಜೋಳಕ್ಕೆ ಸಿಂಪಡಿಸಿಯೂ ನೋಡಿದ. ಜೋಳಕ್ಕೆ ಏನಾಯಿತೋ ದೇವರಿಗೇ ಗೊತ್ತು. ಆನೆಗಳಿಗೆ ಮಾತ್ರ ರುಚಿ ಹತ್ತಿತು. ಕಾಡಂಚಿನ ಅಷ್ಟು ಹೊಲಗಳಲ್ಲಿ ಅವು ಆರಿಸಿ ಆರಿಸಿ ಇವನ ಹೊಲಕ್ಕೇ ಬಂದವು. ಉಳಿದ ಬಾಟಲಿಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಎಸೆದ ಚಲುವಯ್ಯ ಅಂದಿನಿಂದ ರುದ್ರಸ್ವಾಮಿಯ ಜೊತೆ ಮಾತು ಬಿಟ್ಟ.

ಅತ್ತ ಕಂಪನಿಗೆ ಖುಷಿಯೋ ಖುಷಿ. ಒಂದೊಂದು ತಾಲ್ಲೂಕಿನಲ್ಲೂ ಅತಿ ಹೆಚ್ಚು ಪೈರುಗಂಗೆ ಮಾರಿದ ಅಂಗಡಿಯವರಿಗೆ, ಹೆಂಡತಿ ಸಮೇತ, ಆಫ್ರಿಕಾದಲ್ಲಿ ಸಫಾರಿ. ನಾಗರಹೊಳೆಯ ವೀರನಹೊಸಹಳ್ಳಿ ಗೇಟಿಗೆ ಕೂಗಳತೆಯ ಊರಲ್ಲಿ ಹುಟ್ಟಿ, ಶಕುನ ಸರಿಯಿಲ್ಲವೆಂದು ಒಂದು ದಿನವೂ ಆ ಗೇಟು ದಾಟದ ಮನುಷ್ಯನಿಗೆ ಆಫ್ರಿಕಾದ ಕಾಡು!

ಬೀದಿ ಸುಮ್ಮನಿರುತ್ತದೆಯೇ? ಚಲುವಯ್ಯ ತನ್ನ ಜಗಲಿಯ ಮೇಲೆ ಕೂತು, ಯಾರಿಗೂ ಹೇಳದಂತೆ, ಎಲ್ಲರಿಗೂ ಕೇಳುವಂತೆ ಹೇಳಿದ: ‘ಆನೆ ನೋಡಕ್ಕೆ ಆಫ್ರಿಕಾಕ್ಕೆ ಯಾಕ್ಲಾ ವೋಗ್ಬೇಕು? ನನ್ನ ಜೋಳದ ಹೊಲದಲ್ಲಿ ಒಂದು ರಾತ್ರಿ ಪಟಾಕಿ ಇಟ್ಕೊಂಡು ಕೂತ್ಕೊಳ್ಳಿ. ಆನೇನೇ ಬಂದು ಇವ್ರನ್ನ ನೋಡ್ಕೊಂಡು ವೋಯ್ತದೆ.’ ಹೀಗೆಂದ ಚಲುವಯ್ಯನ ಹೆಂಡತಿ ಕುಳ್ಳಮ್ಮನೇ ಅದೇ ಸಂಜೆ ಹಿತ್ತಿಲ ಬೇಲಿಯಿಂದ ಶಿವನಂಜಮ್ಮನಿಗೆ ಪಿಸುಗುಟ್ಟಿದಳು: ‘ಅಕ್ಕ, ಅಲ್ಲಿ ಆನೆ ಭಾರಿ ದೊಡ್ಡವಂತೆ. ಬಾಲದ ಒಂದು ಕೂದ್ಲು ಸಿಕ್ಕುದ್ರೆ ತಗಂಬಾ. ಉಂಗುರ ಮಾಡುಸ್ಬೇಕು, ದಿಗಿಲಿಗೆ ಒಳ್ಳೇದು.’

ಶಿವನಂಜಮ್ಮ ರುದ್ರಸ್ವಾಮಿಯ ಹೆಂಡತಿ. ಆಕೆಗೆ ಆನೆಯೂ ಬೇಡ, ಕೂದಲೂ ಬೇಡ. ಆಕೆಗೆ ಬೇಕಾದದ್ದು ಬೇರೆ, ಅದು ಕಂಪನಿಯ ಪೂಜಾ ಬಂದ ದಿನ ಬಯಲಾಯಿತು.

ಪೂಜಾ ಹುಣಸೂರಿನ ಹುಡುಗಿ. ಅಂಗಡಿ ಅಂಗಡಿಗೆ ಸ್ಕೂಟರಿನಲ್ಲಿ ತಿರುಗಿ ಕಂಪನಿಯ ಕೆಲಸ ನೋಡುವವಳು. ಪ್ರವಾಸದ ಕಾಗದ ಹರಡಿಕೊಂಡು ಹೇಳಿದಳು: ‘ಅಂಕಲ್, ಒಟ್ಟು ಆರು ರಾತ್ರಿ. ನಾಲ್ಕು ಕಾಡಲ್ಲಿ, ಎರಡು ನೈರೋಬಿ ಪಟ್ಟಣದಲ್ಲಿ. ಪಟ್ಟಣ ಮೊದಲು ಬೇಕೋ ಕೊನೇಲಿ ಬೇಕೋ ಇವತ್ತೇ ಹೇಳ್ಬಿಡಿ. ಮೊದಲು ಅನ್ನೋರು ಶನಿವಾರ ಹೊರಡ್ಬೇಕು. ಕೊನೇಲಿ ಅನ್ನೋರು ಮಂಗಳವಾರ ಹೊರಟು ನೆಟ್ಟಗೆ ಕಾಡಿಗೆ.’

‘ಪಟ್ಟಣ ಯಾಕವ್ವ?’ ಎಂದ ರುದ್ರಸ್ವಾಮಿ. ‘ಕಟ್ಟಡ ಹುಣಸೂರಲ್ಲೂ ಅವೆ. ಮೊದ್ಲು ಕಾಡಿಗೆ ಹೋಗಿ ಸಿಂಹದ ಫೋಟೋ ತೆಗೆದು ಡೀಲರ್ ಗ್ರೂಪಿಗೆ ಹಾಕ್ಬೇಕು. ನಾವು ಪಟ್ಟಣದಲ್ಲಿ ಮಲಗಿದ್ದಾಗ ಪಿರಿಯಾಪಟ್ಟಣದಲ್ಲಿ ಗೆದ್ದ ಅಂಗಡಿಯೋನು ಮೊದ್ಲೇ ಹಾಕ್ಬುಟ್ರೆ?’

‘ಪಟ್ಟಣ ಮೊದಲು ಮಾಡಿದ್ರೆ ಒಳ್ಳೇದು ಅಂಕಲ್. ನಿದ್ದೆಗೆಟ್ಟು ಇಳಿದಿರ್ತೀರ, ಸುಧಾರಿಸ್ಕೋಬಹುದು. ಒಂದು ವೇಳೆ ಬ್ಯಾಗು ಹಿಂದುಳಿದ್ರೂ ಎರಡು ದಿನದಲ್ಲಿ ಬಂದು ಸೇರ್ಕೊಳ್ಳುತ್ತೆ. ಕಾಡಿಗೆ ಹೋಗೋದು ಪುಟಾಣಿ ವಿಮಾನ, ಹದಿನೈದು ಕಿಲೋ ಮಾತ್ರ. ಹೆಚ್ಚಿನ ಸಾಮಾನು ಹೋಟೆಲಲ್ಲೇ ಬಿಟ್ಟು ಹೋಗ್ಬಹುದು. ಕೊನೇಲಿ ಮಾಡಿದ್ರೂ ಲಾಭ ಇದೆ. ಕಾಡಿನ ಧೂಳು ತೊಳ್ಕೊಂಡು, ಮೊಮ್ಮಕ್ಕಳಿಗೆ ಏನಾದ್ರೂ ತಗೊಂಡು, ಆರಾಮಾಗಿ ವಿಮಾನ ಹತ್ಬಹುದು.’

‘ಅಂಗಾದ್ರೆ ಆಮೇಲೇ ನೋಡೋಣ. ಆಮೇಲೆ ಅಂತ ಬರ್ಕೋ.’

ಅಷ್ಟು ಹೊತ್ತು ಬಾಗಿಲ ಚೌಕಟ್ಟಿಗೆ ಒರಗಿದ್ದ ಶಿವನಂಜಮ್ಮ ಆಗ ಬಾಯಿ ಬಿಟ್ಟಳು. ‘ಬರ್ಕೋಬ್ಯಾಡ ಕಣವ್ವ. ಈ ಮನೇಲಿ ಆಮೇಲೆ ಅಂದದ್ದು ಯಾವತ್ತು ಬಂದದೆ? ಮದುವೇಲಿ ಇವ್ರು ಆಮೇಲೆ ಊಟಿಗೆ ಕರ್ಕೊಂಡು ಹೋಯ್ತೀನಿ ಅಂದಿದ್ರು. ಮಗಳ ಮಗ ಈಗ ಏಳನೇ ಕ್ಲಾಸು.’

ಪೂಜಾಳಿಗೆ ನಗು ಬಂತು. ‘ನಿಮಗೆ ಪಟ್ಟಣದಲ್ಲಿ ಏನು ನೋಡ್ಬೇಕು ಆಂಟಿ? ಜಿರಾಫೆಗೆ ಕೈಯಾರೆ ತಿನ್ನಿಸೋ ಜಾಗ ಇದೆ. ಮ್ಯೂಸಿಯಂ ಇದೆ. ಊಟಕ್ಕೆ ಯೋಚನೆ ಬೇಡ. ಗುಜರಾತಿನವರು ಎಷ್ಟೋ ತಲೆಮಾರಿಂದ ಅಲ್ಲಿದ್ದಾರೆ. ಚಪಾತಿಗೆ ಅಲ್ಲಿಯವರೂ ಚಪಾತಿ ಅಂತಾನೇ ಅನ್ನೋದು.’

‘ಏನೂ ನೋಡ್ಬೇಕಿಲ್ಲ ಕಣವ್ವ. ಮಲಗ್ಬೇಕು. ಬೆಳಿಗ್ಗೆ ಎದ್ದಾಗ ಒಲೆ ನಂದಲ್ಲ, ಬಾಗಿಲು ನಂದಲ್ಲ, ಸಾರಿಸೋ ಅಂಗಳ ನಂದಲ್ಲ ಅನ್ನಿಸ್ಬೇಕು. ಯಾರಾದ್ರೂ ಬಾಗಿಲು ತಟ್ಟಿ ಕಾಫಿ ಕೊಡ್ಬೇಕು. ಎರಡು ದಿನ ಸಾಕು.’

ಕೇಳಿದರೆ ಚಿಕ್ಕ ಆಸೆ. ಆದರೆ ಮೂವತ್ತೊಂದು ವರ್ಷದ ಸಂಸಾರದಲ್ಲಿ ಶಿವನಂಜಮ್ಮ ಪಟ್ಟಣದಲ್ಲಿ ಕಳೆದ ರಾತ್ರಿ ಮೂರೇ ಮೂರು, ಮೂರೂ ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ, ಮಗಳ ಹೆರಿಗೆಗೆ. ಮಿಕ್ಕಂತೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದವಳು.

ರುದ್ರಸ್ವಾಮಿ ಕರಗಲಿಲ್ಲ. ಸಿಂಹದ ಫೋಟೋ ಮುಂದೆ ಹೆಂಡತಿಯ ನಿದ್ದೆ ಯಾವ ಲೆಕ್ಕ? ಆಗ ಶಿವನಂಜಮ್ಮ ಗಂಡನ ಆಯುಧವನ್ನೇ ಎತ್ತಿಕೊಂಡಳು.

‘ಅಲ್ಲಾ ಕಣ್ರೀ, ಇದು ಪರಸ್ಥಾನ ಇಟ್ಟಂಗಲ್ವಾ?’

ರುದ್ರಸ್ವಾಮಿಯ ಕಿವಿ ನೆಟ್ಟಗಾಯಿತು. ಪ್ರಯಾಣದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಗಂಟುಮೂಟೆ ಇಟ್ಟು ಬರುವುದಕ್ಕೆ ಪರಸ್ಥಾನ ಎನ್ನುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟಂತೆಯೇ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಒಂದೇ ನಿಯಮ: ಆ ಗಂಟನ್ನು ಎತ್ತಿಕೊಂಡ ಮೇಲೆ ಮತ್ತೆ ಮನೆಯ ಹೊಸ್ತಿಲು ತುಳಿಯಬಾರದು.

‘ಮನೆ ಬಿಟ್ಟು ಎರಡು ದಿನ ಬೇರೆ ಕಡೆ ತಂಗಿ, ಆಮೇಲೆ ಕಾಡಿಗೆ ಕಾಲಿಡೋದು. ಕಾಡುಮೃಗದ ಹತ್ರ ಹೋಗೋರು ನೆಟ್ಟಗೆ ಹೋಗ್ತಾರಾ? ವಿಮಾನ ಕಂಡುಹಿಡಿದೋರಿಗೂ ಶಾಸ್ತ್ರ ಗೊತ್ತದೆ, ನಿಮಗೆ ಗೊತ್ತಿಲ್ವಲ್ಲ’ ಎಂದಳು ಶಿವನಂಜಮ್ಮ.

‘ಲೇ, ಹೌದಲ್ಲೇ!’ ಎಂದ ರುದ್ರಸ್ವಾಮಿ. ‘ಪೂಜಾ, ಮೊದ್ಲೇ ಅಂತ ಬರ್ಕೊಳವ್ವ.’

ಪೂಜಾ ಬರೆದುಕೊಂಡಳು. ‘ರೂಮು ಬುಕ್ಕಾದ್ರೆ ಬದಲಾಯಿಸಕ್ಕಾಗಲ್ಲ ಅಂಕಲ್. ಶನಿವಾರ ತಪ್ಪಿಸ್ಕೊಂಡ್ರೆ ಮಂಗಳವಾರದವರ ಜೊತೆ ಕಾಡಿಗೇ ಬಂದು ಸೇರ್ಕೋಬೇಕು. ಪಟ್ಟಣದ ಎರಡು ರಾತ್ರಿ ಹೋದಂಗೇ’ ಎಂದು ಎಚ್ಚರಿಸಿ, ಕಂಪನಿಯ ಉಡುಗೊರೆಯೆಂದು ಮೆತ್ತನೆಯ ಬಟ್ಟೆಯ ಬ್ಯಾಗೊಂದನ್ನು ಕೊಟ್ಟು ಹೋದಳು. ಹಸಿರು ಬ್ಯಾಗು. ಅದರ ಮೇಲೆ ಬೀದಿಯ ಆ ತುದಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ‘ಪೈರುಗಂಗೆ’.

ಶಿವನಂಜಮ್ಮ ಗೆದ್ದೆನೆಂದುಕೊಂಡಳು. ಆದರೆ ಶಾಸ್ತ್ರವನ್ನು ಒಮ್ಮೆ ಒಳಗೆ ಕರೆದರೆ ಅದು ಕಾಫಿ ಕುಡಿದು ಎದ್ದು ಹೋಗುವ ನೆಂಟನಲ್ಲ.

ಮಾರನೆಯ ದಿನವೇ ರುದ್ರಸ್ವಾಮಿ ಪಂಚಾಂಗ ಹಿಡಿದು ಕೂತ. ಶನಿವಾರ ಪೂರ್ವಕ್ಕೆ ಶೂಲ, ಆ ದಿನ ಆ ದಿಕ್ಕಿಗೆ ಹೋಗಬಾರದು. ಆಫ್ರಿಕಾ ಇರುವುದು ಪಶ್ಚಿಮಕ್ಕೆ, ಅದೇನೋ ಸರಿ. ಆದರೆ ವಿಮಾನ ಹತ್ತಲು ಕಾರು ಹೋಗಬೇಕಾದದ್ದು ಪೂರ್ವಕ್ಕೆ, ಹುಣಸೂರು, ಮೈಸೂರು ದಾಟಿ ಬೆಂಗಳೂರಿಗೆ. ಶೂಲ ತಟ್ಟುವುದು ಕಾರಿಗೋ, ವಿಮಾನಕ್ಕೋ? ಪೂಜಾಳಿಗೆ ಫೋನು ಮಾಡಿದ.

‘ಅವ್ವಾ, ವಿಮಾನ ಎದ್ದ ತಕ್ಷಣ ಯಾವ ಕಡೆ ತಿರುಗ್ತದೆ?’

‘ಅದು ಪೈಲಟ್ಟಿಗೆ ಗೊತ್ತಿರುತ್ತೆ ಅಂಕಲ್.’

‘ಅವ್ರ ನಂಬರ್ ಇದ್ರೆ ಕಳ್ಸು.’

ಆ ನಂಬರು ಬರಲಿಲ್ಲ. ಹೆಂಡತಿ ಹೇಳಿಕೊಟ್ಟ ಉಪಾಯ ಇತ್ತಲ್ಲ: ಪರಸ್ಥಾನ. ಗುರುವಾರ ಪೂರ್ವಕ್ಕೆ ದೋಷವಿಲ್ಲ. ಗುರುವಾರವೇ ಬ್ಯಾಗನ್ನು ಪೂರ್ವದ ಮನೆಯಲ್ಲಿಟ್ಟು, ಶನಿವಾರ ಎತ್ತಿಕೊಂಡು ಹೋದರಾಯಿತು. ಪಶ್ಚಿಮಕ್ಕೆ ರುದ್ರಸ್ವಾಮಿಯ ಖಾಸಾ ದೊಡ್ಡಪ್ಪನ ಮಕ್ಕಳ ಮನೆ. ಪೂರ್ವಕ್ಕೆ? ಪೂರ್ವಕ್ಕೆ ಇದ್ದದ್ದು ಒಂದೇ ಮನೆ, ಚಲುವಯ್ಯನದು. ಅದರಾಚೆ ಲಕ್ಷ್ಮಣತೀರ್ಥದ ಕಾಲುವೆ, ಗದ್ದೆ.

ಶಿವನಂಜಮ್ಮ ಹೇಳಿನೋಡಿದಳು. ‘ಮಾತು ಬಿಟ್ಟೋರ ಮನೇಲಿ ಇಡ್ಲೇಬೇಕು ಅಂದ್ರೆ ಬಟ್ಟೆ ಇಡಿ. ಪಾಸ್‌ಪೋರ್ಟು ತೆಕ್ಕೊಳ್ಳಿ.’

‘ಪರಸ್ಥಾನಕ್ಕೆ ಮುಖ್ಯ ವಸ್ತೂನೇ ಹೋಗ್ಬೇಕು ಕಣೇ. ಬರೀ ಲುಂಗಿ ಬನೀನು ಇಟ್ರೆ ಲುಂಗಿ ಬನೀನು ಮಾತ್ರ ಆಫ್ರಿಕಾ ಸೇರ್ತವೆ.’

ಗುರುವಾರ ಸಂಜೆ, ಹುರಿಟ್ಟು, ಚಟ್ನಿಪುಡಿ, ಇಬ್ಬರ ಪಾಸ್‌ಪೋರ್ಟು, ಟಿಕೆಟ್ಟು ಎಲ್ಲ ತುಂಬಿದ ಹಸಿರು ಬ್ಯಾಗನ್ನು ರುದ್ರಸ್ವಾಮಿ ತಾನೇ ಎತ್ತಿಕೊಂಡು ಹೋಗಿ ಚಲುವಯ್ಯನ ಜಗಲಿಯ ಮುಂದೆ ನಿಂತ. ಆರು ತಿಂಗಳ ಮೇಲೆ ಮೊದಲ ಸಲ ಇಬ್ಬರೂ ಮಾತಾಡಿದರು.

‘ಚಲುವಯ್ಯ, ಶನಿವಾರ ಬೆಳಿಗ್ಗೇಗಂಟ ಇರ್ಲಿ ಕಣಪ್ಪ. ಪರಸ್ಥಾನ.’

ಚಲುವಯ್ಯ ಬ್ಯಾಗು ನೋಡಿದ. ಬ್ಯಾಗಿನ ಮೇಲಿನ ಅಕ್ಷರ ಓದಿದ. ಅವನ ಮುಖದ ಮೇಲೆ ಒಂದು ನಗು ನಿಧಾನವಾಗಿ ಹರಡಿತು. ‘ಅದಕ್ಕೇನು ಸಾವ್ಕಾರ್ರೇ, ಇಡಿ. ಪರಸ್ಥಾನ ಅಂದ್ರೆ ಪುಣ್ಯದ ಕೆಲ್ಸ.’

ಆ ನಗುವಿನಷ್ಟು ದೊಡ್ಡ ಅಪಶಕುನ ಪಂಚಾಂಗದಲ್ಲಿಲ್ಲ. ಬೆಕ್ಕು, ಸೀನು, ಖಾಲಿ ಕೊಡ ಎಲ್ಲವನ್ನೂ ಓದಬಲ್ಲ ರುದ್ರಸ್ವಾಮಿಗೆ ಎದುರಿನ ಮನುಷ್ಯನ ಮುಖ ಓದಲು ಬರಲಿಲ್ಲ.

ಶನಿವಾರ ಏಳೂವರೆಗೆ ಹುಣಸೂರಿನ ರಘು ಕಾರು ತಂದು ನಿಲ್ಲಿಸಿದ. ಒಂಬತ್ತಕ್ಕೆ ರಾಹುಕಾಲ. ಬೀದಿಯ ಜಗಲಿಗಳೆಲ್ಲ ತುಂಬಿದ್ದವು. ಹಾಗೆಂದು ಯಾರೂ ನೋಡಲು ಬಂದವರಲ್ಲ, ಎಲ್ಲರಿಗೂ ಅಲ್ಲೇ ಕೂತು ಸೊಪ್ಪು ಸೋಸುವ ಕೆಲಸವಿತ್ತು.

ಶಿವನಂಜಮ್ಮ ತನ್ನ ಕೈಚೀಲ ಹಿಡಿದು ಬಂದು ಕಾರಿನಲ್ಲಿ ಕೂತಳು. ರುದ್ರಸ್ವಾಮಿ ಹೊಸ್ತಿಲು ದಾಟಿದ. ರಘು ಸೀನಿದ.

ರುದ್ರಸ್ವಾಮಿ ಒಳಗೆ ಹೋಗಿ, ಕೂತು, ನೀರು ಕುಡಿದು ಬಂದ. ಜಗಲಿಯಿಂದ ಯಾರೋ ‘ಒಂದು’ ಎಂದರು.

ಎರಡನೆಯ ಸಲ ಏನೂ ಅಡ್ಡ ಬರಲಿಲ್ಲ. ಅಂಗಡಿಗೆ ಬೀಗ ಹಾಕಿ, ಮನೆಗೆ ಬೀಗ ಹಾಕಿ, ಬಲಗಾಲು ಮುಂದಿಟ್ಟು ಪೂರ್ವದ ಮನೆಗೆ ನಡೆದ. ಚಲುವಯ್ಯ ಜಗಲಿಯ ಮೇಲೆ ಕಾಲುಚಾಚಿ ಕೂತಿದ್ದ. ಅವನ ಬೆನ್ನ ಹಿಂದೆ ಹಸಿರು ಬ್ಯಾಗು. ಬ್ಯಾಗಿನ ಸುತ್ತ ಬಾಟಲಿಗಳು. ಚಲುವಯ್ಯನವು ಮಾತ್ರವಲ್ಲ, ಬೀದಿಯವರೆಲ್ಲ ಅಟ್ಟದಿಂದ, ಕೊಟ್ಟಿಗೆಯಿಂದ, ಹಿತ್ತಿಲಿಂದ ಹುಡುಕಿ ತಂದಿಟ್ಟ ಪೈರುಗಂಗೆ, ತಂಬಾಕಿನ ಎಲೆ ಹೊರುವ ಎರಡು ಬಿದಿರು ಮಂಕರಿಗಳ ತುಂಬ.

‘ಬ್ಯಾಗು ಕೊಡಪ್ಪ, ಹೊತ್ತಾಯ್ತು.’

‘ಕೊಡಾಣ, ಕೊಡಾಣ. ಬ್ಯಾಗು ಬೇಕಾದ್ರೆ ಬಾಟ್ಲೂ ತಗೋಬೇಕು ಸಾವ್ಕಾರ್ರೇ. ಎರಡ್ನೂ ಒಟ್ಗೇ ಎತ್ಕೊಂಡು ನಿಮ್ಮ ಮನೆ ಒಳಕ್ಕೇ ವೋಗ್ಬೇಕು.’

‘ಏನ್ಲಾ ಇದು ಅನ್ಯಾಯ?’

‘ಮೇಲಿಂದ್ಲೇ ಇಂಗೆ ಬಂದದೆ ಕಣ್ರೀ. ನನ್ನ ಕೈಲೇನದೆ?’

ಸೊಪ್ಪು ಸೋಸುತ್ತಿದ್ದ ಕೈಗಳೆಲ್ಲ ನಿಂತವು. ಕುಳ್ಳಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು.

ರುದ್ರಸ್ವಾಮಿಯ ಸಂಕಟ ಎರಡು ಬಗೆಯದು. ಬಾಟಲಿಗಳನ್ನು ಹೊತ್ತುಕೊಂಡು ಮನೆಗೆ ಹೋದರೆ ಊರೆದುರು ಮಾನ ಹೋಯಿತು. ಅದು ಬೇಕಾದರೆ ಹೋಗಲಿ, ವ್ಯಾಪಾರದವನಿಗೆ ಮಾನ ಮತ್ತೆ ಬರುತ್ತದೆ. ಆದರೆ ಎತ್ತಿದ ಪರಸ್ಥಾನದ ಜೊತೆ ಹೊಸ್ತಿಲು ತುಳಿಯುವುದು ಹೇಗೆ? ಗಡಿಯಾರ ನೋಡಿದ. ಎಂಟು ಇಪ್ಪತ್ತು. ಕಾರಿನ ಕಿಟಕಿಗೆ ಬಗ್ಗಿ ಹೆಂಡತಿಗೆ ಮೆಲ್ಲಗೆ ಹೇಳಿದ:

‘ನಂಜಿ, ಇವತ್ತು ಯಾಕೋ ದಿನಾನೇ ಸರಿಯಿಲ್ಲ. ಮಂಗಳವಾರ ಹೊರಡಾಣ. ಕಾಡಂತೂ ಸಿಕ್ಕೇ ಸಿಗ್ತದೆ. ಪಟ್ಟಣ ಇನ್ಯಾವಾಗಾದ್ರೂ ಆಮೇಲೆ...’

ಶಿವನಂಜಮ್ಮ ಕಾರಿನಿಂದ ಇಳಿದಳು. ಸೀದಾ ಚಲುವಯ್ಯನ ಜಗಲಿಗೆ ಹೋದಳು.

‘ಚಲುವಯ್ಯ, ಮಂಗಳವಾರ ಮಗಳನ್ನ ಗಂಡನ ಮನೆಗೆ ಕಳ್ಸಕ್ಕೂ ಬುಡದಿದ್ದ ಮನುಷ್ಯ, ನನ್ನ ಎರಡು ರಾತ್ರಿ ನುಂಗಕ್ಕೆ ಮಂಗಳವಾರ ಒಳ್ಳೇದು ಅಂತವ್ರೆ. ಬಾಟ್ಲು ಮಾರಿದ್ದು ನಾನಲ್ಲ. ಬ್ಯಾಗಲ್ಲಿ ನನ್ನ ಪಾಸ್‌ಪೋರ್ಟು ಅದೆ, ಟಿಕೆಟ್ಟದೆ. ನಂದು ನಂಗೆ ಕೊಡಪ್ಪ.’

ಚಲುವಯ್ಯ ಎದ್ದು ನಿಂತ. ಈ ತಿರುವು ಅವನ ಲೆಕ್ಕದಲ್ಲಿರಲಿಲ್ಲ. ‘ನಿಮ್ಮ ಜೊತೆ ಏನಕ್ಕ ಜಗಳ. ತಗಳಿ’ ಎಂದು ಬ್ಯಾಗಿನ ಜಿಪ್ಪು ಎಳೆದು ಅವಳ ಕಾಗದಗಳನ್ನಷ್ಟೇ ಕೈಗಿಟ್ಟ. ಕುಳ್ಳಮ್ಮ ಓಡಿಬಂದು, ‘ಅಕ್ಕ, ಕೂದ್ಲು ಮರೀಬ್ಯಾಡ’ ಎಂದಳು.

ಶಿವನಂಜಮ್ಮ ವಾಪಸ್ಸು ಬಂದು ಹಿಂದಿನ ಸೀಟಿನ ನಡುವೆ, ಇಬ್ಬರ ಜಾಗದಲ್ಲಿ ಒಬ್ಬಳೇ ಕೂತಳು. ‘ಹೊರಡಪ್ಪ ರಘು.’

‘ಸಾವ್ಕಾರ್ರು?’

‘ಅವ್ರು ನೀರು ಕುಡ್ಕೊಂಡು ಬತ್ತಾರೆ.’

ರಘು ಗಾಡಿ ಸ್ಟಾರ್ಟ್ ಮಾಡಿದ. ಮೊದಲು ಅದು ಬೆದರಿಕೆ ಎಂದೇ ರುದ್ರಸ್ವಾಮಿ ತಿಳಿದ. ಕಾರು ನಾಲ್ಕು ಮಾರು ಮುಂದೆ ಹೋದಾಗ ಅದು ಬೆದರಿಕೆಯಲ್ಲ ಎಂದು ಗೊತ್ತಾಯಿತು. ಡೀಲರ್ ಗ್ರೂಪಿನಲ್ಲಿ ನಾಳೆ ಬರುವ ಫೋಟೋ ಕಣ್ಣಿಗೆ ಕಟ್ಟಿತು: ಜಿರಾಫೆ, ಪಕ್ಕದಲ್ಲಿ ಶಿವನಂಜಮ್ಮ, ಅವಳ ಪಕ್ಕದಲ್ಲಿ ಪಿರಿಯಾಪಟ್ಟಣದ ಅಂಗಡಿಯವನು.

‘ಲೇ ರಘು, ನಿಲ್ಸ್ಲಾ!’

ಆಮೇಲೆ ನಮ್ಮ ಬೀದಿ ಕಂಡದ್ದನ್ನು ಇನ್ನು ಹತ್ತು ವರ್ಷ ಸೊಪ್ಪು ಸೋಸುತ್ತ ಹೇಳಿಕೊಳ್ಳುತ್ತದೆ. ರುದ್ರಸ್ವಾಮಿ ಪಂಚೆ ಎತ್ತಿ ಕಟ್ಟಿದ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡ. ಒಂದು ಮಂಕರಿ ಎತ್ತಿಕೊಂಡು ಓಡಿದ, ಬೀಗ ತೆಗೆದು ಹೊಸ್ತಿಲು ತುಳಿದು ನಡುಮನೆಯಲ್ಲಿ ಸುರಿದ. ಎರಡನೆಯ ಮಂಕರಿಗೆ ಓಡಿ ಬಂದ. ಬೆಕ್ಕು ಅಡ್ಡ ಬಂತು, ಅದನ್ನು ದಾಟಿಕೊಂಡೇ ಹೋದ. ಖಾಲಿ ಕೊಡ ಹಿಡಿದು ನಲ್ಲಿಗೆ ಹೊರಟಿದ್ದವಳೊಬ್ಬಳು ತಾನೇ ಗಾಬರಿಯಾಗಿ ಗೋಡೆಯ ಕಡೆಗೆ ಸರಿದಳು. ಬೆಲ್ಲದ ವಾಸನೆ ಮನೆಯ ತುಂಬ ಹರಡಿತು. ಯಾವುದೋ ಬಾಟಲಿಯ ಮುಚ್ಚಳ ಬಿಚ್ಚಿಕೊಂಡಿತ್ತು, ಆತ ತಿರುಗಿ ನೋಡಲಿಲ್ಲ. ಕೂರಲಿಲ್ಲ, ನೀರು ಕುಡಿಯಲಿಲ್ಲ. ಬಾಗಿಲೆಳೆದು ಬೀಗ ಜಡಿದು ಅಂದಿನ ಕೊನೆಯ ಸಲ ಮನೆಯಿಂದ ಇಳಿದ.

ಇಳಿದು ಮೂರು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಪೂರ್ವದ ಜಗಲಿಯಿಂದ ಚಲುವಯ್ಯನ ದನಿ ಬಂತು:

‘ಎಲ್ಲಿಗೆ ಸಾವ್ಕಾರ್ರೇ?’

ರುದ್ರಸ್ವಾಮಿಯ ಬಲಗಾಲು ಅಭ್ಯಾಸಬಲದಿಂದ ಅರ್ಧ ತಿರುಗಿತು. ಮುಂದೆ ನಿಂತಿದ್ದ ಕಾರಿನ ಬಾಗಿಲು ತೆರೆದಿತ್ತು, ಶಿವನಂಜಮ್ಮ ಕಿಟಕಿಯತ್ತ ಸರಿದು ಒಂದಿಷ್ಟು ಜಾಗ ಬಿಟ್ಟಿದ್ದಳು. ಆದರೆ ತಿರುಗಿ ನೋಡುತ್ತಿರಲಿಲ್ಲ.

‘ಪಟ್ಟಣಕ್ಕೆ ಕಣ್ಲಾ! ಎರಡು ರಾತ್ರಿ ಮಲಗಕ್ಕೆ!’ ಎಂದು ಕೂಗಿ, ತಿರುಗಿದ್ದ ಕಾಲನ್ನು ಎಳೆದುಕೊಂಡು ರುದ್ರಸ್ವಾಮಿ ಕಾರಿನತ್ತ ಓಡಿದ.